ಅಟ್ಟದ ಮೇಲೆ ಎರಡು ವರ್ಷ: ಎಂಎಸ್ಸಿಯಿಂದ ಮೊದಲ ಸಂಬಳದವರೆಗೆ

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು, ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. 2023ರ ಆಗಸ್ಟಿನಲ್ಲಿ ಬಯೋಟೆಕ್ನಾಲಜಿ ಎಂಎಸ್ಸಿ ಮುಗಿಸಿ ಮನೆಗೆ ಬಂದಾಗ ಅಪ್ಪ ಕೇಳಿದ್ದು ಇಷ್ಟೇ: "ಈಗ ಅಟ್ಟಕ್ಕೆ ಹಾಕಿರೋ ಕಾಯಿ ಇಳಿಸೋ ಹೊತ್ತಿಗೆ ಕೆಲಸ ಆಗುತ್ತೇನವ್ವ?" ಆಗುತ್ತಪ್ಪ ಅಂದೆ. ಎರಡು ಅಟ್ಟದ ಕಾಯಿ ಇಳಿಯಿತು.

ಈಗ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್, ಅಂದರೆ ಯೋಜನೆಯ ಹಣದಲ್ಲಿ ಸಂಬಳ ಪಡೆಯುವ ಸಂಶೋಧನಾ ಸಹಾಯಕಿ. ಕೆಲಸ ಕಂಪ್ಯೂಟರಿನ ಮುಂದೆ, ವಿಷಯ ಜೀವಕೋಶ, ಇದಕ್ಕೆ ಬಯೋಇನ್ಫರ್ಮ್ಯಾಟಿಕ್ಸ್ ಅಂತ ಹೆಸರು. ಈ ದಾರಿ ಹಿಡಿಯಬೇಕು ಅನ್ನುವ ಜೂನಿಯರ್‌ಗಳು ವಾರಕ್ಕೆ ಇಬ್ಬರಾದರೂ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಕಂಪ್ಯೂಟರ್ ಭಾಷೆಗಳ ಬಗ್ಗೆ, ಪೈಥಾನ್ ಕಲಿಯಲಾ, ಆರ್ ಕಲಿಯಲಾ ಅಂತ. ನನ್ನನ್ನು ಸುಸ್ತು ಮಾಡಿದ್ದು ಅದಲ್ಲ. ಕಾಗದಪತ್ರ, ಮತ್ತೆ ಕಾಯುವಾಗ ಹೊಟ್ಟೆಗೆ ಬಾಡಿಗೆಗೆ ಬೇಕಾದ ದುಡ್ಡು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಲೆಕ್ಕಸಮೇತ ಬರೆಯುತ್ತಿದ್ದೇನೆ.

ನನಗೆ ಲ್ಯಾಬಿನಲ್ಲಿ ದ್ರವ ಅಳೆಯುವ ಪಿಪೆಟ್ ಹಿಡಿದರೆ ಕೈ ನಡುಗುತ್ತದೆ. ಎಂಎಸ್ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಒಂದು ಪ್ರೋಟೀನಿನ ಅನುಕ್ರಮವನ್ನು, ಅದನ್ನು ಹೋಲುವವನ್ನು ಹುಡುಕಿಕೊಡುವ ಬ್ಲಾಸ್ಟ್‌ಗೆ ಹಾಕಿ, ಅದರ ಬಂಧುಬಳಗವೆಲ್ಲ ಪರದೆಯ ಮೇಲೆ ಸಾಲಾಗಿ ನಿಂತದ್ದನ್ನು ನೋಡಿದ ದಿನವೇ ಇದು ನನ್ನ ಕೆಲಸ ಅನ್ನಿಸಿತ್ತು. ಬೆಂಗಳೂರು ಹತ್ತಿರವೇ ಇದೆ, ಸಂಶೋಧನಾ ಸಂಸ್ಥೆಗಳೂ ಹಲವು. ಐಐಎಸ್‌ಸಿ ಇದೆ, ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಇದೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಬಿಎಬಿ. ಒಂದಲ್ಲ ಒಂದು ಬಾಗಿಲು ತೆರೆಯುತ್ತದೆ ಅಂದುಕೊಂಡೆ. ಅಲ್ಲಿಯವರೆಗೆ ತಾಲ್ಲೂಕಿನ ಖಾಸಗಿ ಪದವಿ ಕಾಲೇಜಿನಲ್ಲಿ ಪಾಠ, ತಿಂಗಳಿಗೆ 14 ಸಾವಿರ. ಅಧ್ಯಾಪಕಿಯಾಗಿಯೇ ಉಳಿಯಬಹುದಿತ್ತಲ್ಲ ಅನ್ನುವವರಿಗೆ: ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈ 1ರಿಂದ ಪಿಎಚ್‌ಡಿ ಕಡ್ಡಾಯವಲ್ಲ ನಿಜ, ಆದರೆ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಕೆಸೆಟ್ ಅನ್ನುವ ರಾಜ್ಯದ ಪರೀಕ್ಷೆ ಆಗಿರಲೇಬೇಕು. ನನಗೆ ಎರಡೂ ಆಗಿರಲಿಲ್ಲ.

2024ರ ಫೆಬ್ರವರಿಯಲ್ಲಿ, ಎಂಜಿನಿಯರಿಂಗ್ ಮತ್ತು ವಿಜ್ಞಾನದ ಉನ್ನತ ಓದಿಗೆ ಇರುವ ಗೇಟ್ ಪರೀಕ್ಷೆ ಬರೆದೆ. ಹೆಣ್ಣುಮಕ್ಕಳಿಗೆ ಆಗ ಶುಲ್ಕ 900 ಇತ್ತು. ಕಟಾಫ್ ಮುಟ್ಟಲಿಲ್ಲ, ಅದರ ಬಗ್ಗೆ ಹೇಳುವುದಕ್ಕೂ ಏನಿಲ್ಲ, ಓದಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಕಡೆಯಿಂದ ಜೀವಶಾಸ್ತ್ರಕ್ಕೆ ಬರುವವರು ಒಂದು ವಿಷಯ ಗಮನಿಸಿ: ಅದೇ 2024ರಿಂದ ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಎಐ ಅಂತ ಪ್ರತ್ಯೇಕ ಪತ್ರಿಕೆ ಇದೆ.

ಆಮೇಲೆ ಸಿಎಸ್‌ಐಆರ್ ನೆಟ್, ಅಂದರೆ ವಿಜ್ಞಾನ ವಿಷಯಗಳ ನೆಟ್, ನನ್ನದು ಲೈಫ್ ಸೈನ್ಸಸ್. ಹಿಂದುಳಿದ ವರ್ಗದವರಿಗೆ ಆಗ 600 ರೂಪಾಯಿ. ಜೂನ್ 25ರಿಂದ ಪರೀಕ್ಷೆ ಅಂದಿದ್ದರು. ಮಜೆಸ್ಟಿಕ್ ಹತ್ತಿರ ಲಾಡ್ಜು ಹಿಡಿದು ಎರಡು ದಿನದ ಬಾಡಿಗೆ ಮುಂಗಡ ಕಟ್ಟಿದ್ದೆ. 21ನೇ ತಾರೀಖು ರಾತ್ರಿ ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಸುದ್ದಿ. ಅದೇ ವಾರ ಬೇರೆ ವಿಷಯಗಳ ಯುಜಿಸಿ ನೆಟ್ ನಡೆದ ಮರುದಿನವೇ ರದ್ದಾಗಿತ್ತು, ಹಾಗಾಗಿ ಎದೆಯಲ್ಲಿ ಮೊದಲೇ ಅಳುಕಿತ್ತು. ಲಾಡ್ಜಿನವರು ಮುಂಗಡ ವಾಪಸ್ ಕೊಡಲಿಲ್ಲ. ಜುಲೈ 25ರಿಂದ 27ರವರೆಗೆ ಕೊನೆಗೂ ಪರೀಕ್ಷೆ ನಡೆಯಿತು. ಸಿ ಭಾಗದಲ್ಲಿ 75 ಪ್ರಶ್ನೆ ಇರುತ್ತವೆ, 25ಕ್ಕೆ ಉತ್ತರಿಸಿದರೆ ಸಾಕು, ತಲಾ 4 ಅಂಕ. ಕೇಳುವುದಕ್ಕೆ ಧಾರಾಳ ಅನ್ನಿಸುತ್ತದೆ. ಆದರೆ ಯಾವ 25 ಅಂತ ಆರಿಸುವುದರಲ್ಲೇ ನನ್ನ ನಲವತ್ತು ನಿಮಿಷ ಹೋಯಿತು. ನಿಮ್ಮ ನಾಲ್ಕೈದು ಯೂನಿಟ್ ಯಾವುದು ಅಂತ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೋಗಿ.

ಫಲಿತಾಂಶ ಬಂದದ್ದು ಸೆಪ್ಟೆಂಬರಿನಲ್ಲಿ. ಪಾಸಾಗಿದೆ ಅಂತ ಅಮ್ಮ ಪಾಯಸ ಮಾಡಿದರು. ಪಾಯಸ ತಿಂದು ಕೈ ತೊಳೆದು ಮತ್ತೆ ಓದಿದರೆ, "ಪಿಎಚ್‌ಡಿಗೆ ಮಾತ್ರ" ಅಂತಿತ್ತು.

ಇದು ತುಂಬ ಜನಕ್ಕೆ ಗೊತ್ತಿಲ್ಲ. 2024ರಿಂದ ನೆಟ್ ಫಲಿತಾಂಶದಲ್ಲಿ ಮೂರು ಮೆಟ್ಟಿಲು. ಮೇಲಿನವರಿಗೆ ಜೆಆರ್‌ಎಫ್, ಅಂದರೆ ಫೆಲೋಶಿಪ್ಪೂ ಉಂಟು, ಸಹಾಯಕ ಪ್ರಾಧ್ಯಾಪಕ ಅರ್ಹತೆಯೂ ಉಂಟು. ನಡುವಿನವರಿಗೆ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಕೆಳಗಿನವರಿಗೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ. ನಾನು ಆ ಕೊನೆಯ ಮೆಟ್ಟಿಲಲ್ಲಿದ್ದೆ. ಕೆಳಗಿನ ಎರಡು ಮೆಟ್ಟಿಲಿನವರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ. ಆಯ್ಕೆಯಲ್ಲಿ ಆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಪಾಯಸ ಮಾತ್ರ ಚೆನ್ನಾಗಿತ್ತು.

ಈಗ ಕಾಗದದ ಕಥೆ. ನನ್ನ ಹತ್ತಿರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇತ್ತು, 2ಎ ಅಂತ ಬರೆದದ್ದು, ಸಿಇಟಿ ಕಾಲದಿಂದ ಎಲ್ಲ ಕಡೆ ನಡೆದದ್ದು. ಕೇಂದ್ರದ ಸಂಸ್ಥೆಗಳಿಗೆ ಅದು ನಡೆಯುವುದಿಲ್ಲ. 2ಎ, 2ಬಿ, 3ಎ, 3ಬಿ ಎಲ್ಲ ನಮ್ಮ ರಾಜ್ಯದ ಲೆಕ್ಕ. ಕೇಂದ್ರಕ್ಕೆ ಓಬಿಸಿ ಅಂತ ಒಂದೇ ಪಟ್ಟಿ, ಅದಕ್ಕೆ ಬೇರೆಯೇ ನಮೂನೆ, ಅದರಲ್ಲಿ ಕೆನೆಪದರದಲ್ಲಿಲ್ಲ ಅನ್ನುವ ಮಾತು ಇರಬೇಕು. ನಾಡಕಚೇರಿಗೆ ಹೋಗಿ ಕೇಂದ್ರದ ಓಬಿಸಿ ಪ್ರಮಾಣಪತ್ರ ಬೇಕು ಅಂದೆ. ಅರ್ಜಿ ಹಾಕಿಸಿಕೊಂಡರು. ಹತ್ತು ದಿನ ಬಿಟ್ಟು ಹೋದರೆ ತಿರಸ್ಕೃತ.

ಕಾರಣ ಕೇಳಿದರೆ, ನನ್ನ ಹಳೆಯ ಪ್ರಮಾಣಪತ್ರದಲ್ಲಿ ಇದ್ದದ್ದು ನಮ್ಮ ಕಡೆ ಆಡುವ ಒಳಪಂಗಡದ ಹೆಸರು. ಕೇಂದ್ರದ ಪಟ್ಟಿಯಲ್ಲಿ ಅದು ಒಂದು ದೊಡ್ಡ ಹೆಸರಿನ ಕೆಳಗೆ, ಪರ್ಯಾಯ ಹೆಸರುಗಳ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ಒಂದು ಅಕ್ಷರ ಆಚೀಚೆಯಾಗಿ ಇದೆ. ಅಲ್ಲಿದ್ದವರು ಕೆಟ್ಟವರೇನಲ್ಲ. "ನಾವು ಪಟ್ಟಿಯಲ್ಲಿ ಇರೋದನ್ನೇ ಬರೀಬೇಕು ಕಣಮ್ಮ, ಇಲ್ಲಾಂದ್ರೆ ನಾಳೆ ನಿನಗೇ ತೊಂದರೆ" ಅಂದರು. ಮಾತು ಸರಿಯೇ. ಕೇಂದ್ರದ ಪಟ್ಟಿಯ ಕರ್ನಾಟಕದ ಪುಟವನ್ನು ಪ್ರಿಂಟ್ ತೆಗೆದು, ನಮ್ಮ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಅಪ್ಪನ ಶಾಲೆಯ ವರ್ಗಾವಣೆ ಪತ್ರದ ಜೊತೆ ಎರಡನೇ ಅರ್ಜಿ ಹಾಕಿದೆ. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಹೋದರು, ರೆವಿನ್ಯೂ ಇನ್‌ಸ್ಪೆಕ್ಟರ್ ರಜೆಯಲ್ಲಿದ್ದರು, ಅಷ್ಟರಲ್ಲಿ ದಸರಾ ಬಂತು. ಒಟ್ಟು 37 ದಿನ. ಆ ಅವಧಿಯಲ್ಲಿ ಎರಡು ಜಾಹೀರಾತುಗಳ ಕೊನೆಯ ದಿನಾಂಕ ದಾಟಿಹೋಯಿತು.

ಆದ್ದರಿಂದ ನೆಟ್ ಅರ್ಜಿ ತುಂಬುವ ಮೊದಲೇ ಇದನ್ನು ಮಾಡಿಸಿಟ್ಟುಕೊಳ್ಳಿ. ಯಾವ ಆರ್ಥಿಕ ವರ್ಷದ್ದು ಅನ್ನುವುದನ್ನೂ ನೋಡುತ್ತಾರೆ, ಮಾರ್ಚಿನಲ್ಲಿ ಮಾಡಿಸಿದ್ದು ಏಪ್ರಿಲಿಗೆ ಹಳತಾಗಬಹುದು. ಇನ್ನೊಂದು, ಇನಿಷಿಯಲ್. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಿಸಬೇಕಾಯಿತು. ಸಿಜಿಪಿಎಯನ್ನು ಶೇಕಡಾವಾರು ಮಾಡಿದ ಪತ್ರವನ್ನೂ ಕೇಳುತ್ತಾರೆ. ಅದನ್ನು ಕೊಡುವುದು ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿ. ಹತ್ತರಿಂದ ಗುಣಿಸಿ ನಾವೇ ಬರೆದರೆ ಒಪ್ಪುವುದಿಲ್ಲ.

ಅಕ್ಟೋಬರಿನಿಂದ, ಲ್ಯಾಬ್ ನಡೆಸುವ ವಿಜ್ಞಾನಿಗಳಿಗೆ ಕೆಲಸ ಕೇಳಿ ಮೇಲ್ ಕಳಿಸಲು ಶುರು ಮಾಡಿದೆ. ಮೊದಲ ಇಪ್ಪತ್ತೈದು ಮೇಲ್‌ಗಳನ್ನು ಈಗ ಓದಿದರೆ ಮುಖ ಮುಚ್ಚಿಕೊಳ್ಳುವ ಹಾಗಿದೆ. "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಪ್ಯಾಷನೇಟ್" ಅಂತ ಎಲ್ಲರಿಗೂ ಒಂದೇ ಒಕ್ಕಣೆ. ಅದರಲ್ಲಿ ಏಳು ಮಂದಿ ಮೇಡಂಗಳು. ಒಂದೇ ಒಂದು ಉತ್ತರ ಬರಲಿಲ್ಲ. ಆಮೇಲೆ ಹಿಂದಿನ ಬ್ಯಾಚಿನ ಅಕ್ಕ ಒಬ್ಬರು ಬೈದು ತಿದ್ದಿದರು. ಅವರ ಲ್ಯಾಬಿನ ಇತ್ತೀಚಿನ ಒಂದು ಪ್ರಬಂಧ ಓದು, ಅದರ ಒಂದು ಚಿತ್ರವನ್ನು ಅವರೇ ಬಿಡುಗಡೆ ಮಾಡಿದ ದತ್ತಾಂಶದಿಂದ ನೀನೇ ಮತ್ತೆ ಬಿಡಿಸು, ಎಲ್ಲಿ ತಡವರಿಸಿದೆ ಅಂತ ಎಂಟು ಸಾಲಿನಲ್ಲಿ ಬರೆ ಅಂದರು. ಹಾಗೆ ಬರೆದದ್ದು ಬರೀ ಒಂಬತ್ತು ಮೇಲ್. ನಾಲ್ಕಕ್ಕೆ ಉತ್ತರ ಬಂತು. ಇಬ್ಬರು ಈಗ ಜಾಗವಿಲ್ಲ ಅಂದರು, ಆದರೆ ಹಾಗೆ ಹೇಳಿದ್ದಕ್ಕೇ ಅವತ್ತು ಖುಷಿಯಾಗಿತ್ತು. ಜಾಹೀರಾತು ನೋಡುವುದಕ್ಕೆ ಇಂಡಿಯಾ ಬಯೋಸೈನ್ಸ್ ಅನ್ನುವ ಜಾಲತಾಣ ಒಂದು ಕಡೆ, ಆಯಾ ಸಂಸ್ಥೆಗಳ ಸ್ವಂತ ಜಾಲತಾಣ ಇನ್ನೊಂದು ಕಡೆ. ಎಷ್ಟೋ ಜಾಹೀರಾತು ಹತ್ತು ಹದಿನೈದು ದಿನ ಮಾತ್ರ ತೆರೆದಿರುತ್ತವೆ. ಭಾನುವಾರ ರಾತ್ರಿ ಕೂತು ನೋಡುವುದನ್ನು ರೂಢಿ ಮಾಡಿಕೊಂಡೆ.

ಮೊದಲ ವಾಕ್-ಇನ್ ಸಂದರ್ಶನ ಬೆಂಗಳೂರಿನಲ್ಲಿ. ಊರಿಂದ ಬೆಳಿಗ್ಗೆ ನಾಲ್ಕೂವರೆ ಬಸ್ಸು. ಶಕ್ತಿ ಯೋಜನೆಯ ಪುಣ್ಯ, ಆಧಾರ್ ತೋರಿಸಿ ಶೂನ್ಯ ಟಿಕೆಟ್. ಈ ಎರಡು ವರ್ಷದಲ್ಲಿ ಬೆಂಗಳೂರಿಗೆ ನಾನು ಓಡಾಡಿದ್ದು ಹನ್ನೊಂದು ಸಲ. ಟಿಕೆಟ್ ಕೊಳ್ಳಬೇಕಿದ್ದರೆ ಅರ್ಧದಷ್ಟಕ್ಕೂ ಹೋಗುತ್ತಿರಲಿಲ್ಲ. ಎರಡು ಹುದ್ದೆಗೆ ಬಂದವರು ಅರವತ್ತಕ್ಕೂ ಹೆಚ್ಚು. ಹತ್ತು ಗಂಟೆಗೆ ಬರಹೇಳಿ ನನ್ನ ಸರದಿ ಬಂದದ್ದು ಸಂಜೆ ನಾಲ್ಕಕ್ಕೆ. ಒಳಗೆ ಹೋದ ಮೇಲೆ ತಿಳಿಯಿತು, ಅವರಿಗೆ ಬೇಕಿದ್ದದ್ದು ಇಲಿಗಳ ಜೊತೆ ಕೆಲಸ ಮಾಡಿದವರು. ಜಾಹೀರಾತಿನಲ್ಲಿ "ಕಂಪ್ಯೂಟೇಶನಲ್ ಜ್ಞಾನ ಅಪೇಕ್ಷಣೀಯ" ಅಂತ ಇತ್ತು. ಅಪೇಕ್ಷಣೀಯ ಬೇರೆ, ಅಗತ್ಯ ಬೇರೆ. ಆ ಎರಡು ಶೀರ್ಷಿಕೆಗಳನ್ನು ಬೇರೆಬೇರೆಯಾಗಿ ಓದಿ.

ಎರಡನೆಯದು ಹೈದರಾಬಾದ್. ರಾತ್ರಿ ರೈಲಿನಲ್ಲಿ ಕಾಚಿಗುಡ, ಖರ್ಚೆಲ್ಲ ನಮ್ಮದೇ. ಕಾಗದದ ಮೇಲೆ ಪೈಥಾನ್ ಬರೆಯಿರಿ ಅಂದರು. ನಾನು ಮನೆಯಿಂದ ಕೋಡ್ ಮಾದರಿ ಕಳಿಸಿದ್ದೆ, ಅದರಲ್ಲಿ ಅರ್ಧ ಚಾಟ್‌ಜಿಪಿಟಿ ಬರೆದುಕೊಟ್ಟದ್ದು. ಅದರದೇ ಹದಿನಾಲ್ಕನೇ ಸಾಲು ತೋರಿಸಿ ಇದೇನು ಮಾಡುತ್ತದೆ ಅಂದರು. ಗೊತ್ತಿರಲಿಲ್ಲ. ವಾಪಸ್ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿ ಅತ್ತೆ. ಅದು ಬಿಟ್ಟರೆ ಈ ಎರಡು ವರ್ಷದಲ್ಲಿ ಅತ್ತದ್ದು ಇನ್ನೊಂದೇ ಸಲ, ಅದು ಮುಂದೆ ಬರುತ್ತದೆ.

ಡಿಸೆಂಬರಿನಲ್ಲಿ, ಆ ಒಂಬತ್ತು ಮೇಲ್‌ಗಳಲ್ಲಿ ಒಂದಕ್ಕೆ ಉತ್ತರ ಕೊಟ್ಟಿದ್ದ ಮೇಡಂ ಒಬ್ಬರು ಅವರ ಲ್ಯಾಬಿಗೆ ಜಾಹೀರಾತು ಹಾಕಿದರು. ಅರ್ಜಿ ಹಾಕಿದ ಹನ್ನೆರಡು ಮಂದಿಗೆ ಮನೆಯಲ್ಲೇ ಮಾಡುವ ಪರೀಕ್ಷೆ. ಮನುಷ್ಯರ ಜೀವಕೋಶದ ಆರ್‌ಎನ್‌ಎ ದತ್ತಾಂಶ, ಔಷಧಿ ಕೊಟ್ಟ ಮೂರು ಮಾದರಿ, ಕೊಡದ ಮೂರು ಮಾದರಿ. ಯಾವ ಜೀನಿನ ಚಟುವಟಿಕೆ ಏರಿದೆ, ಯಾವುದರದು ಇಳಿದಿದೆ, ಏಳು ದಿನದಲ್ಲಿ ಹೇಳಬೇಕು.

ನಮ್ಮ ಮನೆಯಲ್ಲಿ ವೈಫೈ ಇಲ್ಲ. ಮೊಬೈಲಿನಲ್ಲಿ ದಿನಕ್ಕೆ 2 ಜಿಬಿ. ಒಂದೊಂದು ಮಾದರಿಯ ಕಡತವೂ ಮೂರು ಜಿಬಿ ಮೇಲೆ, ಒಟ್ಟು ಇಪ್ಪತ್ತು ಜಿಬಿ ಆಸುಪಾಸು. ಇಳಿಸಿಕೊಳ್ಳುವುದಕ್ಕೇ ಹತ್ತು ದಿನ! ಇಳಿಸಿಕೊಂಡರೂ ನನ್ನ ಲ್ಯಾಪ್‌ಟಾಪಿನ ರ್‍ಯಾಮ್ 8 ಜಿಬಿ. ಆರ್ಎನ್ಎ ತುಣುಕುಗಳನ್ನು ಜೀನೋಮಿನ ಸರಿಯಾದ ಜಾಗಕ್ಕೆ ಹೊಂದಿಸಲು ಎಲ್ಲರೂ ಹೇಳುವ ಸ್ಟಾರ್ ಅನ್ನುವ ತಂತ್ರಾಂಶಕ್ಕೆ ಮನುಷ್ಯರ ಜೀನೋಮ್ ಹೊರಲು 30 ಜಿಬಿಯಷ್ಟು ಬೇಕು. ಮೊದಲ ದಿನ ಪೂರ್ತಿ ತಲೆ ಮೇಲೆ ಕೈ.

ದಾರಿ ತೋರಿಸಿದ್ದು ಗ್ಯಾಲಕ್ಸಿ. ಅದೊಂದು ಉಚಿತ ಸಾರ್ವಜನಿಕ ಸರ್ವರ್, ಯುರೋಪಿನದು ಜರ್ಮನಿಯ ಫ್ರೈಬರ್ಗ್‌ನಿಂದ ನಡೆಯುತ್ತದೆ. ದತ್ತಾಂಶದ ಸಂಖ್ಯೆಯನ್ನು ಅಲ್ಲಿ ಕೊಟ್ಟರೆ ಅದು ಭಂಡಾರದಿಂದ ನೇರ ಅಲ್ಲಿಗೇ ಇಳಿಯುತ್ತದೆ, ನಮ್ಮ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಗುಣಮಟ್ಟ ನೋಡಲು ಫಾಸ್ಟ್‌ಕ್ಯೂಸಿ, ಹೊಂದಿಸಲು ಹೈಸ್ಯಾಟ್2, ಕೊನೆಗೆ ಏರಿಳಿತದ ಲೆಕ್ಕಕ್ಕೆ ಡಿಸೀಕ್2, ಎಲ್ಲ ಅಲ್ಲೇ ಇವೆ. ಸರತಿಯಲ್ಲಿ ಕಾಯಬೇಕು ಅಷ್ಟೆ. ರಾತ್ರಿ ಕೆಲಸ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ಹಟ್ಟಿ ಕಸ ಬಳಿದು ಬಂದು ನೋಡುತ್ತಿದ್ದೆ. ಹಳದಿ ಹೋಗಿ ಹಸಿರಾಗಿದ್ದರೆ ಕೆಲಸ ಮುಗಿದಿದೆ ಅಂತ.

ಆರನೇ ದಿನ, ಒಂದನ್ನೊಂದು ಹೋಲುವ ಮಾದರಿಗಳು ಹತ್ತಿರ ಹತ್ತಿರ ಕೂರುವ ಚುಕ್ಕಿಚಿತ್ರ ಬಿಡಿಸಿದರೆ, ಔಷಧಿ ಕೊಡದ ಒಂದು ಮಾದರಿ ಹೋಗಿ ಔಷಧಿ ಕೊಟ್ಟವರ ಗುಂಪಿನಲ್ಲಿ ಕೂತಿದೆ. ನನ್ನದೇ ತಪ್ಪು ಅಂದುಕೊಂಡು ಎರಡು ಸಲ ಮೊದಲಿಂದ ಮಾಡಿದೆ. ಮತ್ತೆ ಅಲ್ಲೇ. ಕೊನೆಗೆ ವರದಿಯಲ್ಲಿ "ನಾಲ್ಕನೇ ಮಾದರಿ ಯಾಕೆ ಹೀಗೆ ಗೊತ್ತಾಗಲಿಲ್ಲ, ಹೆಸರು ಅದಲುಬದಲಾಗಿರಬಹುದು, ಅದನ್ನು ಇಟ್ಟುಕೊಂಡು ಒಂದು ಪಟ್ಟಿ, ಬಿಟ್ಟು ಒಂದು ಪಟ್ಟಿ ಕೊಟ್ಟಿದ್ದೇನೆ" ಅಂತ ಬರೆದು ಕಳಿಸಿದೆ.

ಜನವರಿಯ ಸಂದರ್ಶನದಲ್ಲಿ ಮೂವರಿದ್ದರು. ಆ ಮಾದರಿಯ ಹೆಸರನ್ನು ಮೇಡಂ ಬೇಕೆಂದೇ ಬದಲಿಸಿದ್ದರಂತೆ. ಅಷ್ಟು ಕೇಳಿ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಸರ್, "ತಿದ್ದಿದ ಪಿ ಮೌಲ್ಯಕ್ಕೆ 0.1 ಅಂತ ಗೆರೆ ಎಳೆದಿದ್ದೀರಿ. ಯಾಕೆ?" ಅಂದರು. ಪಿ ಮೌಲ್ಯ ಅಂದರೆ, ನಿಜವಾಗಿ ಏನೂ ಬದಲಾಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಡಿಸೀಕ್2ರಲ್ಲಿ ನಾವು ಏನೂ ಹೇಳದಿದ್ದರೆ ಅದು ಇಟ್ಟುಕೊಳ್ಳುವುದೇ 0.1. ಅದನ್ನೇ ಹೇಳಿದೆ, ನಾನು ಯೋಚಿಸಿ ಹಾಕಿದ್ದಲ್ಲ ಸರ್ ಅಂತ. ತಿದ್ದುವುದು ಯಾಕೆ ಅಂತಾದರೂ ಗೊತ್ತಾ ಅಂದರು. ಅದು ಗೊತ್ತಿತ್ತು. 20 ಸಾವಿರ ಜೀನ್‌ಗಳನ್ನು ಒಂದೊಂದಾಗಿ 0.05ರ ಗೆರೆಯಲ್ಲಿ ಪರೀಕ್ಷಿಸಿದರೆ, ನಿಜವಾಗಿ ಏನೂ ಬದಲಾಗದಿದ್ದರೂ ಸುಮಾರು ಒಂದು ಸಾವಿರ ಜೀನ್ ಬರೀ ಆಕಸ್ಮಿಕವಾಗಿ ಬದಲಾದಂತೆ ಕಾಣುತ್ತವೆ. ಅವನ್ನು ಸೋಸಲಿಕ್ಕೆ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ. ಇದನ್ನು ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಹೇಳಿದೆ. ಆ ಸರ್ ಧಾರವಾಡದ ಕಡೆಯವರು, "ಹೇಳ್ರಿ, ಹೇಳ್ರಿ" ಅಂದರು. ಅಂದಹಾಗೆ, ಈ ಸಂಖ್ಯಾಶಾಸ್ತ್ರ ನಾನು ಕಲಿತದ್ದು ಆನ್‌ಲೈನಿನಲ್ಲಿ, ಎನ್‌ಪಿಟಿಇಎಲ್‌ನ ಪಾಠಗಳಲ್ಲಿ. ಪಾಠ ಉಚಿತ, ಪರೀಕ್ಷೆ ಬರೆದರೆ ಮಾತ್ರ ಆಗ 1,000 ರೂಪಾಯಿ ಇತ್ತು.

ಆಯ್ಕೆಯಾಯಿತು. ಈಗ ಸಂಬಳದ ವಿಷಯ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2023ರ ಪರಿಷ್ಕರಣೆಯ ಪ್ರಕಾರ ಪ್ರಾಜೆಕ್ಟ್ ಅಸೋಸಿಯೇಟ್-1ಕ್ಕೆ ಎರಡು ದರ. ನೆಟ್ ಅಥವಾ ಗೇಟ್ ಆದವರಿಗೆ 37,000, ಉಳಿದವರಿಗೆ 30,000, ಅದರ ಮೇಲೆ ಮನೆಬಾಡಿಗೆ ಭತ್ಯೆ. ನನಗೆ ನೆಟ್ ಆಗಿದೆಯಲ್ಲ ಅಂತ 37 ಸಾವಿರದ ಕನಸು ಕಂಡಿದ್ದೆ. ಆಡಳಿತ ವಿಭಾಗದವರು ನನ್ನ ಫಲಿತಾಂಶ ಪತ್ರ ತಿರುಗಿಸಿ ಮುರುಗಿಸಿ ನೋಡಿ, ಪಿಎಚ್‌ಡಿಗೆ ಮಾತ್ರ ಅನ್ನುವ ಮೆಟ್ಟಿಲಿನ ಬಗ್ಗೆ ನಮ್ಮ ಆದೇಶದಲ್ಲಿ ಏನೂ ಹೇಳಿಲ್ಲ, 30 ಸಾವಿರವೇ ಅಂದರು. ತಿಂಗಳಿಗೆ 7 ಸಾವಿರ ಹೋಯಿತು. ಮೇಡಂ ಒಂದು ಪತ್ರ ಬರೆದರು, ಉಪಯೋಗವಾಗಲಿಲ್ಲ. ನೀವು ಅದೇ ಮೆಟ್ಟಿಲಲ್ಲಿದ್ದರೆ ಸೇರುವ ಮೊದಲೇ ದರವನ್ನು ಬರಹದಲ್ಲಿ ಕೇಳಿಕೊಳ್ಳಿ.

2025ರ ಫೆಬ್ರವರಿ 3, ಸೋಮವಾರ, ಸೇರಿದೆ. ಪಿಜಿಗೆ ತಿಂಗಳಿಗೆ ಊಟಸಮೇತ 8,500, ಅಡ್ವಾನ್ಸ್ 10 ಸಾವಿರ. ಕೈಯಲ್ಲಿ ಇದ್ದದ್ದು ಕಾಲೇಜಿನ ಸಂಬಳದಲ್ಲಿ ಉಳಿಸಿದ 22 ಸಾವಿರ. ತಿಂಗಳ ಕೊನೆಗೆ ಸಂಬಳ ಬರುತ್ತದಲ್ಲ ಅಂತ ಧೈರ್ಯ.

ಫೆಬ್ರವರಿ ಕೊನೆಗೆ ಬರಲಿಲ್ಲ. ಹೊಸಬರ ಬ್ಯಾಂಕ್ ವಿವರ ಇನ್ನೂ ಏರಿಲ್ಲ ಅಂದರು. ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಏಪ್ರಿಲ್ ಬಂದ ಮೇಲೆ ಹೊಸ ವರ್ಷದ ಹಣ ಬರಬೇಕು. ಅದು ಬರಬೇಕಾದರೆ ಹಳೆಯ ವರ್ಷದ ಹಣ ಹೇಗೆ ಖರ್ಚಾಯಿತು ಅನ್ನುವ ಬಳಕೆ ಪ್ರಮಾಣಪತ್ರ ದೆಹಲಿಗೆ ಹೋಗಿ ಒಪ್ಪಿಗೆಯಾಗಬೇಕು. ಲ್ಯಾಬಿನ ಸೀನಿಯರ್‌ಗಳಿಗೆ ಇದೆಲ್ಲ ಮಾಮೂಲು. "ಮೂರು ತಿಂಗಳ ದುಡ್ಡು ಇಟ್ಟುಕೊಂಡು ಬರಬೇಕು ಕಣೆ, ಯಾರೂ ಹೇಳಲಿಲ್ವಾ?" ಅಂದರು. ಇಲ್ಲ, ಯಾರೂ ಹೇಳಿರಲಿಲ್ಲ.

ಏಪ್ರಿಲ್ ಮೊದಲ ವಾರ ಭಾವನಿಗೆ ಫೋನ್ ಮಾಡಿ 40 ಸಾವಿರ ಸಾಲ ಕೇಳಿದೆ. ಅಕ್ಕನ ಹತ್ತಿರ ಕೇಳಲು ಬಾಯಿ ಬರಲಿಲ್ಲ, ಅಕ್ಕನಿಗೆ ಗೊತ್ತಾದರೆ ಅಮ್ಮನಿಗೆ ಗೊತ್ತಾಗುತ್ತದೆ. ಭಾವ ಏನೂ ಕೇಳದೆ ಐದು ನಿಮಿಷದಲ್ಲಿ ಕಳಿಸಿ, "ಊಟ ಬಿಡಬೇಡ" ಅಂತ ಮೆಸೇಜ್ ಹಾಕಿದ್ದರು. ಎರಡನೇ ಸಲ ಅತ್ತದ್ದು ಆವಾಗ. ಊರಿನಲ್ಲಿ ಎಲ್ಲರಿಗೂ ನಾನು ಸೈಂಟಿಸ್ಟ್. ಯುಗಾದಿಗೆ ಹೋದಾಗ ಪಕ್ಕದ ಮನೆಯವರು ಮಗನಿಗೆ ಸೀಟು ಕೊಡಿಸುತ್ತೀಯಾ ಅಂತ ಕೇಳಿದ್ದರು.

ಕೆಲಸ ಮಾತ್ರ ಇಷ್ಟವಾಯಿತು, ಅದನ್ನೂ ಹೇಳಬೇಕು. ಮಾರ್ಚಿನ ಒಂದು ಸಂಜೆ ಸರ್ವರಿನಲ್ಲಿ ನಾಲ್ಕು ದಿನ ಓಡಿದ ಲೆಕ್ಕ ಮುಗಿದು ಚಿತ್ರ ಬಂದಾಗ, ಸಂಬಳ ಬರದ ಮೂವರು ಅದರ ಮುಂದೆ ನಿಂತು ಒಂದು ಗಂಟೆ ಜಗಳವಾಡಿದೆವು. ಕ್ಯಾಂಟೀನ್ ಮುಚ್ಚಿದ್ದು ಗೊತ್ತೇ ಆಗಲಿಲ್ಲ.

ಜೂನ್ 11, ಬುಧವಾರ, ನಾಲ್ಕು ತಿಂಗಳಿನದು ಒಟ್ಟಿಗೆ ಬಂತು. 1,17,857 ರೂಪಾಯಿ. ಫೆಬ್ರವರಿಯಲ್ಲಿ ಎರಡು ದಿನ ಕಡಿತ, ಮೂರರಂದು ಸೇರಿದ್ದಕ್ಕೆ. ಭಾವನಿಗೆ ಅಂದೇ ವಾಪಸ್ ಹಾಕಿದೆ. ಅಪ್ಪನಿಗೆ ಫೋನ್ ಮಾಡಿದರೆ ಅಟ್ಟ ಹತ್ತಿದ್ದಾರೆ, ಆಮೇಲೆ ಮಾಡು ಅಂತ ಅಮ್ಮ ಇಟ್ಟುಬಿಟ್ಟರು.

ಆದರೆ ಅದರಲ್ಲಿ ಮನೆಬಾಡಿಗೆ ಭತ್ಯೆ ಇರಲಿಲ್ಲ. ಬೆಂಗಳೂರಿಗೆ ಶೇ. 30, ಅಂದರೆ ತಿಂಗಳಿಗೆ 9 ಸಾವಿರ. ಕೇಳಿದರೆ ಹಾಸ್ಟೆಲಿನಲ್ಲಿಲ್ಲ ಅನ್ನುವ ಪತ್ರ ಮತ್ತು ಬಾಡಿಗೆ ರಸೀದಿ ತನ್ನಿ ಅಂದರು. ಪಿಜಿ ಆಂಟಿ ರಸೀದಿ ಕೊಡುವುದಿಲ್ಲ ಅಂತಿದ್ದಾರೆ, ಟ್ಯಾಕ್ಸ್ ತಲೆನೋವು ಅಂತೆ. ಪೇಟೆಯಲ್ಲಿ ಸಿಗುವ ರಸೀದಿ ಪುಸ್ತಕ ಒಂದು ಕೊಂಡಿಟ್ಟಿದ್ದೇನೆ. ಭಾನುವಾರ ಅವರು ಕಾಫಿ ಕುಡಿಯುತ್ತಾ ಸಮಾಧಾನವಾಗಿ ಕೂತಿರುವಾಗ ಹೋಗಿ ಮತ್ತೊಮ್ಮೆ ಕೇಳಬೇಕು.